ಪರದೆ ಅಕ್ಕ ಬಸ್ಸಿನಲ್ಲಿ ಕೊಟ್ಟ ಉತ್ತರ

ಅವಳಿಗೆ ಪರದೆ ಅಕ್ಕ ಎಂಬ ಹೆಸರು ಬಿದ್ದದ್ದು ಗಿರಾಕಿಗಳಿಂದ. ಕಿಟಕಿ ಪರದೆ ಹೊಲಿದುಕೊಡುವ ಅಂಗಡಿಯೊಂದರಲ್ಲಿ ಅಳತೆಯ ಕೆಲಸ ಅವಳದು. ಯಾರಾದರೂ ಹೊಸ ಮನೆಗೆ ಬಂದರೆ, ಹಳೆಯ ಮನೆಗೆ ಬಣ್ಣ ಹೊಡೆಸಿದರೆ, ಇಲ್ಲವೇ ಎದುರು ಮನೆಯವರ ಕಣ್ಣು ತಮ್ಮ ಅಡುಗೆಮನೆಯ ಮೇಲಿದೆ ಎಂದು ಗುಮಾನಿ ಬಂದರೆ ಅಂಗಡಿಗೆ ಫೋನು ಮಾಡುತ್ತಿದ್ದರು. ಅಕ್ಕ ಟೇಪು, ಮಡಚುವ ಪುಟ್ಟ ಏಣಿ, ಬಟ್ಟೆಯ ಮಾದರಿಗಳ ದಪ್ಪ ಗೊಂಚಲು ಹೊತ್ತುಕೊಂಡು ಹೊರಡುತ್ತಿದ್ದಳು. ಮನೆಯೊಳಗಿನ ಕೆಲಸ ಅವಳಿಗೆ ಇಷ್ಟ. ಏಣಿಯ ಮೇಲೆ ನಿಂತು ಕಿಟಕಿಯ ಚೌಕಟ್ಟಿಗೆ ಟೇಪು ಹಿಡಿದಾಗ ಜಗತ್ತಿನಲ್ಲಿ ಆ ಕಿಟಕಿ ಬಿಟ್ಟರೆ ಬೇರೇನೂ ಇಲ್ಲ. ಗಂಡ ಹೆಂಡತಿ ಕೆಳಗೆ ನಿಂತು ಹಸಿರೋ ಬೂದುಬಣ್ಣವೋ ಎಂದು ಜಗಳಾಡುತ್ತಿದ್ದರೂ ಅವಳ ಪಾಡು ಅವಳದು.

ಕಷ್ಟವೆಲ್ಲ ಇದ್ದದ್ದು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಬಸ್ಸಿನಲ್ಲಿ.

ಬಸ್ಸು ಹತ್ತಿ, ಏಣಿಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಗೊಂಚಲನ್ನು ತೊಡೆಯ ಮೇಲಿಟ್ಟು ಕೂತಳೋ ಇಲ್ಲವೋ, ಫೋನು ನಡುಗಲು ಶುರು. ಅಂಗಡಿಯ ಮಾಲೀಕರಿಗೆ ಹಿಂದಿನ ಮನೆಯ ಅಳತೆಗಳು ಆಗಲೇ ಬೇಕು. ಮುಂದಿನ ಮನೆಯವರಿಗೆ ಅವಳು ಎಲ್ಲಿದ್ದಾಳೆ ಎಂದು ಆಗಲೇ ತಿಳಿಯಬೇಕು. ಬಟ್ಟೆ ಕತ್ತರಿಸುವ ಮಾಸ್ತರರಿಗೆ ನಿನ್ನೆಯ ಅಳತೆಯಲ್ಲಿ ಅನುಮಾನ. ಮನೆಯಲ್ಲಿ ತಂಗಿಗೆ ಮಾತ್ರೆ ಎಲ್ಲಿಟ್ಟಿದ್ದೀ ಎಂಬ ಪ್ರಶ್ನೆ. ಇವರೆಲ್ಲ ಬೇರೆ ಬೇರೆ ಜನ, ಬೇರೆ ಬೇರೆ ಸ್ವಭಾವ, ಆದರೆ ಮಾತು ಮಾತ್ರ ಎಲ್ಲರದೂ ಒಂದೇ: "ಬಸ್ಸಲ್ಲಿ ತಾನೇ ಇರೋದು? ಹೇಗೂ ಖಾಲಿ ಕೂತಿರೋದಲ್ವಾ!"

ಖಾಲಿ ಎಂಬ ಆ ಪದ ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಎಡಗಿವಿಯಲ್ಲಿ ಮಾಲೀಕರು, ಬಲಗೈ ಹೆಬ್ಬೆರಳಿನಲ್ಲಿ ಅಳತೆ, ಕಣ್ಣು ಮುಂದಿನ ನಿಲ್ದಾಣದ ಮೇಲೆ, ಕಾಲು ಜಾರುವ ಏಣಿಯ ಮೇಲೆ. ಇದು ಖಾಲಿಯಂತೆ! ಬಸ್ಸಿನಲ್ಲಿ ಉಳಿದವರ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ಮುಂದಿನ ಸೀಟಿನವನೊಬ್ಬ ಕಚೇರಿಯ ಸಭೆಗೆ ಬಸ್ಸಿನಿಂದಲೇ ಹಾಜರಾಗಿ "ನನ್ನ ಧ್ವನಿ ಕೇಳಿಸ್ತಾ ಇದೆಯಾ?" ಎಂದು ಇಡೀ ಬಸ್ಸಿಗೆ ಕೇಳಿಸುತ್ತಿದ್ದ. ಪಕ್ಕದವಳು ಕೊಳಾಯಿ ರಿಪೇರಿಯವನನ್ನು ಬೈಯುತ್ತಲೇ ವಿದ್ಯುತ್ ಬಿಲ್ಲು ಕಟ್ಟುತ್ತಿದ್ದಳು. ಯಾರೂ ಬಸ್ಸಿನಲ್ಲಿರಲಿಲ್ಲ. ಎಲ್ಲರೂ ಬೇರೆಲ್ಲೋ ಇದ್ದರು, ಸೀಟಿನ ಮೇಲೆ ದೇಹ ಮಾತ್ರ ಇತ್ತು.

ಮನೆಯಲ್ಲಿ ಅವಳು, ತಂಗಿ, ಅಮ್ಮ. ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಕೂತೇ ನಿವೃತ್ತಳಾದವಳು. ಅವಳ ಕೂದಲು ದಟ್ಟ, ಮೊಣಕಾಲು ಮುಟ್ಟುವಷ್ಟು ಉದ್ದ. ಅದನ್ನೆಲ್ಲ ಸುತ್ತಿ ತಲೆಯ ಹಿಂದೆ ಕಟ್ಟಿದರೆ ಇನ್ನೊಂದು ತಲೆಯಷ್ಟು ದೊಡ್ಡ ತುರುಬು. ಕಚೇರಿಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಆ ತುರುಬಮ್ಮನ ಹತ್ರ ಹೋಗಿ" ಎಂದರೆ ಹೊಸದಾಗಿ ಬಂದವರಿಗೂ ದಾರಿ ಗೊತ್ತಾಗುತ್ತಿತ್ತು. ವಯಸ್ಸಾದ ಮೇಲೆ ಕೂದಲು ಬೆಳ್ಳಗಾಯಿತೇ ಹೊರತು ತೆಳ್ಳಗಾಗಲಿಲ್ಲ. ಆ ವಿಷಯದಲ್ಲಿ ಅಮ್ಮನಿಗೆ ಸ್ವಲ್ಪ ಜಂಬವೇ ಇತ್ತು.

ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಮ್ಮ ಹಾಸಿಗೆ ಹಿಡಿದಳು. ತಂಗಿ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಬೇರೆ ಬೇರೆ ಕಂಪನಿಗಳಿಗೆ ಟೈಪಿಂಗ್ ಮಾಡಿಕೊಡುವವಳು. ಹಾಗಾಗಿ ಹಗಲಿನ ಆರೈಕೆಯೆಲ್ಲ ಅವಳ ತಲೆಗೇ ಬಂತು. ಬೆಡ್‌ಪ್ಯಾನ್, ಸ್ಪಂಜಿನ ಸ್ನಾನ, ಔಷಧ ಇವೆಲ್ಲವನ್ನೂ ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಕೂದಲು. ಮಲಗಿಯೇ ಇದ್ದ ತಲೆಯಲ್ಲಿ ಅದು ಗಂಟುಗಂಟಾಗಿ ಹೆಣೆದುಕೊಳ್ಳುತ್ತಿತ್ತು. ಬಿಡಿಸಲು ಹೋದರೆ ಅಮ್ಮ ನೋವಿಗೆ ಕಿರುಚುತ್ತಿದ್ದಳು, ಬಿಟ್ಟರೆ ತುರಿಕೆ ಎಂದು ಗೊಣಗುತ್ತಿದ್ದಳು.

"ಕತ್ತರಿಸಿಬಿಡೋಣ ಅಮ್ಮ, ಮತ್ತೆ ಬೆಳೆಯತ್ತೆ" ಎಂದು ತಂಗಿ ಆಗಾಗ ಹೇಳುತ್ತಿದ್ದಳು. ಅಮ್ಮ ಗೋಡೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು.

ಆ ದಿನ ಅಕ್ಕ ಹಲ್ಲಿನ ಡಾಕ್ಟರೊಬ್ಬರ ಹೊಸ ಕ್ಲಿನಿಕ್ಕಿನ ಪರದೆಗಳ ಗಡಿಬಿಡಿಯಲ್ಲಿದ್ದಳು. ಮರುದಿನವೇ ಕ್ಲಿನಿಕ್ಕಿನ ಬಾಗಿಲು ತೆರೆಯಬೇಕು. ಡಾಕ್ಟರಮ್ಮ ಮೊದಲು ನೆಲ ಮುಟ್ಟುವ ಪರದೆ ಬೇಕೆಂದಿದ್ದರು, ಆಮೇಲೆ ಕಿಟಕಿಯ ಮಟ್ಟಕ್ಕೆ ಸಾಕು ಎಂದರು, ಆಮೇಲೆ ಯೋಚಿಸಿ ಹೇಳುತ್ತೇನೆ ಎಂದರು. ಕೊನೆಗೂ ಕಿಟಕಿಯ ಮಟ್ಟ ಎಂದು ತೀರ್ಮಾನವಾಗಿ, ಅದನ್ನು ಅಕ್ಕ ಮಾಸ್ತರರಿಗೆ ಬರೆದೂ ಕಳಿಸಿದ್ದಳು. ಆದರೆ ಮಾಸ್ತರರು ಹಳೆಯ ಕಾಲದವರು. ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಿವಿಯಲ್ಲಿ ಮಾತು ಬೀಳದೆ ಅವರಿಗೆ ಧೈರ್ಯ ಬರುತ್ತಿರಲಿಲ್ಲ. "ಕೆಳಗೆ ಉಳಿದಿರೋದನ್ನ ಕತ್ತರಿಸಲಾ, ಇಲ್ಲಾ ಒಳಗೆ ಮಡಚಿ ಹೊಲೀಲಾ?" ಎಂದು ಅವರ ಧ್ವನಿ ಸಂದೇಶ ಬಂತು. ಉತ್ತರಿಸುವ ಮೊದಲೇ ಮತ್ತೊಂದು ಬಂತು. ಅದರ ಹಿಂದೆ ಇನ್ನೊಂದು.

ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ಸೀಟು ಸಿಕ್ಕಿರಲಿಲ್ಲ. ಒಂದು ಕೈಯಲ್ಲಿ ಕಂಬ, ಕಂಕುಳಲ್ಲಿ ಗೊಂಚಲು, ಕಾಲಿಗೊರಗಿದ ಏಣಿ. ಅಷ್ಟರಲ್ಲಿ ಮಾಲೀಕರ ಕರೆ. ಅವರೊಂದಿಗೆ ಮಾತಾಡುತ್ತಿರುವಾಗಲೇ ತಂಗಿಯ ಧ್ವನಿ ಸಂದೇಶ ಬಂದದ್ದು ಫೋನಿನ ಪರದೆಯ ಮೇಲೆ ಕಾಣಿಸಿತು. ಮಾತ್ರೆಯ ವಿಷಯವಿರಬೇಕು, ಆಮೇಲೆ ಕೇಳಿದರಾಯಿತು ಎಂದುಕೊಂಡಳು. ಮಾಲೀಕರ ಕರೆ ಮುಗಿಯಿತು. ಸಂದೇಶಗಳ ಪಟ್ಟಿಯಲ್ಲಿ ಮಾಸ್ತರರ ಹೆಸರು ಎಲ್ಲಕ್ಕಿಂತ ಮೇಲಿತ್ತು ಎಂಬುದು ಅವಳ ನೆನಪಿನಲ್ಲಿತ್ತು. ತಂಗಿಯ ಸಂದೇಶ ಬಂದ ಮೇಲೆ ತಂಗಿಯ ಹೆಸರು ಮೇಲೇರಿ ಮಾಸ್ತರರದು ಕೆಳಗಿಳಿದಿತ್ತು. ಅದು ಯಾವ ಕಣ್ಣಿಗೆ ಕಾಣಬೇಕು? ಮೇಲಿನದನ್ನು ಒತ್ತಿ, ಫೋನನ್ನು ಬಾಯಿಗೆ ಹಿಡಿದು, ಬೆಳಗಿನಿಂದ ಒಳಗೆ ತುಂಬಿಕೊಂಡಿದ್ದ ಸಿಟ್ಟನ್ನೆಲ್ಲ ಸೇರಿಸಿ ಹೇಳಿದಳು:

"ಅಯ್ಯೋ, ಎಷ್ಟು ಸಲ ಕೇಳ್ತೀರಿ? ಕತ್ತರಿಸಿ ಬಿಸಾಕಿ! ಅಷ್ಟುದ್ದ ಇಟ್ಕೊಂಡು ಏನಾಗ್ಬೇಕಿದೆ, ಸುಮ್ನೆ ಧೂಳು ಗುಡಿಸೋಕೆ!"

ಮುಂದಿನ ಮನೆಯಲ್ಲಿ ಏಣಿ ಹತ್ತಿದಳು, ಅಳೆದಳು, ಇಳಿದಳು. ಅಲ್ಲಿಂದ ಹೊರಬರುವಾಗ ಮಾಲೀಕರ ಧ್ವನಿ ಕಿವಿ ತೂತಾಗುವಂತೆ ಬಂತು. "ಮಾಸ್ತರರು ಬೆಳಗಿಂದ ಕತ್ತರಿ ಹಿಡ್ಕೊಂಡು ಕೂತಿದಾರೆ, ನೀವು ಉತ್ತರಾನೇ ಕೊಟ್ಟಿಲ್ವಂತೆ! ಡಾಕ್ಟರಮ್ಮ ಇಲ್ಲಿ ಬಂದು ನಿಂತಿದಾರೆ. ಬಸ್ಸಲ್ಲಿ ಅಷ್ಟೊತ್ತು ಏನ್ ಮಾಡ್ತಾ ಇದ್ರಿ?"

"ಕೊಟ್ಟಿದೀನಲ್ಲ ಸಾರ್, ನಾನೇ ಮಾತಾಡಿ ಕಳಿಸಿದೀನಿ."

"ಯಾರಿಗೆ ಕಳಿಸಿದ್ರಿ, ಗಾಳಿಗಾ?"

ಅವಳು ಫೋನು ನೋಡಿದಳು. ತನ್ನ ಮಾತು ತಂಗಿಯ ಹೆಸರಿನ ಕೆಳಗೆ ಕೂತಿತ್ತು. ಅದರ ಮೇಲಿದ್ದ ತಂಗಿಯ ಸಂದೇಶವನ್ನು ರಸ್ತೆ ಬದಿಯಲ್ಲಿ ನಿಂತು ಆಗ ಮೊದಲ ಸಲ ಕೇಳಿದಳು. "ಅಕ್ಕಾ, ಈ ಕೂದಲು ನನ್ನ ಕೈಲಿ ಆಗಲ್ಲ ಕಣೇ. ಕತ್ತರಿಸಲಾ ಅಂತ ಕೇಳಿದ್ರೆ, ಅಕ್ಕನ್ನ ಕೇಳು, ಅವಳು ಹೂಂ ಅಂದ್ರೆ ಕತ್ತರಿಸು ಅಂತಾಳೆ ಅಮ್ಮ. ಬೇಗ ಹೇಳು." ಹಿಂದೆ ಅಮ್ಮನ ದನಿಯೂ ಸಣ್ಣಗೆ ಕೇಳಿಸಿತು: "ಅವಳು ಹೂಂ ಅನ್ನಲ್ಲ ಬಿಡು."

ಕೂಡಲೇ ತಂಗಿಗೆ ಫೋನು ಮಾಡಿದಳು. "ಬೇಡ, ಬೇಡ, ಮುಟ್ಟಬೇಡ" ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

"ಯಾವುದನ್ನ?" ಎಂದಳು ತಂಗಿ. "ಆಗಲೇ ಮುಗೀತಲ್ಲ. ತಲೆನೂ ತೊಳೆದಾಯ್ತು."

ಸಂಜೆ ಮನೆಗೆ ಬಂದಾಗ ಅಮ್ಮ ದಿಂಬಿಗೊರಗಿ ಕೂತಿದ್ದಳು. ಕಿವಿಯ ಮೇಲಕ್ಕೆ ಓರೆಕೋರೆಯಾಗಿ ಕತ್ತರಿಸಿದ ಬಿಳಿ ಕೂದಲು, ತೆಳ್ಳಗೆ ಉದ್ದವಾಗಿ ಕಾಣುವ ಕುತ್ತಿಗೆ. ಅಕ್ಕ ಬಾಗಿಲಲ್ಲೇ ನಿಂತಳು. ಒಂದು ಕ್ಷಣ ಯಾರೋ ಬೇರೆ ಮುದುಕಿ ತಮ್ಮ ಮನೆಯ ಹಾಸಿಗೆಯಲ್ಲಿದ್ದಾಳೆ ಅನ್ನಿಸಿತು.

"ಅಮ್ಮ, ಅದು ನಿನಗೆ ಹೇಳಿದ್ದಲ್ಲ. ಪರದೆಗೆ ಹೇಳಿದ್ದು. ಮಾಸ್ತರರಿಗೆ ಕಳಿಸೋದು ಇಲ್ಲಿಗೆ ಬಂದುಬಿಡ್ತು."

ತಂಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಈಗ ನಾನು ಕೆಟ್ಟವಳಾದ್ನಾ? ನಿನ್ನ ದನಿಲೇ ಹೇಳಿದೀಯ. ಅಮ್ಮನೇ ಎರಡು ಸಲ ಹಾಕಿಸ್ಕೊಂಡು ಕೇಳಿದ್ಲು."

"ಕೇಳ್ತೀರಿ, ಬಿಸಾಕಿ ಅಂತ ಬಹುವಚನದಲ್ಲಿ ಹೇಳಿದೀನಿ. ನಿನ್ನ ಹತ್ರ ಯಾವತ್ತು ಹಾಗೆ ಮಾತಾಡಿದೀನಿ? ಅಷ್ಟೂ ಗೊತ್ತಾಗಲ್ವಾ?"

"ಸಿಟ್ಟು ಬಂದಾಗಲೆಲ್ಲ ನೀನು ನಮಗೆ ಬಹುವಚನಾನೇ ಹಾಕೋದು. 'ತಾವು ದಯಮಾಡಿಸಿ, ತಾವು ಊಟ ಮಾಡಿ' ಅಂತ. ಹೊಸದಾ ಅದು?"

ಅದು ನಿಜವಾಗಿತ್ತು. ಆಗ ಅಮ್ಮ ಮೆಲ್ಲಗೆ ಕೇಳಿದಳು, "ನಾನು ಕೇಳಿ ಕಳಿಸಿದ್ದನ್ನ ನೀನು ಕೇಳಿಸ್ಕೊಂಡಿರಲೇ ಇಲ್ವಾ?"

"ಬಸ್ಸಲ್ಲಿ ಗಲಾಟೆ ಅಮ್ಮ. ಆಮೇಲೆ ಕೇಳೋಣ ಅಂತ…"

"ಸರಿ" ಎಂದಳು ಅಮ್ಮ. ಅಷ್ಟೇ. ಆ ಸರಿಗಿಂತ ನಾಲ್ಕು ಬೈಗುಳ ಎಷ್ಟೋ ವಾಸಿಯಿತ್ತು.

ಅದಾದ ಮೇಲೆ ಅಮ್ಮ ಅವಳೊಂದಿಗೆ ಮಾತು ಬಿಟ್ಟಳೆಂದೇನೂ ಅಲ್ಲ. ಕೇಳಿದ್ದಕ್ಕೆ ಉತ್ತರಿಸುತ್ತಿದ್ದಳು, ತಾನಾಗಿ ಏನೂ ಕೇಳುತ್ತಿರಲಿಲ್ಲ. ಹಳೆಯ ಅಂಚೆ ಕಚೇರಿಯ ಗೆಳತಿಯರು ನೋಡಲು ಬರುತ್ತೇವೆ ಎಂದಾಗ ಜ್ವರ ಇದೆ ಎಂದು ತಂಗಿಯಿಂದ ಸುಳ್ಳು ಹೇಳಿಸಿದಳು. ಓರೆಯಾದದ್ದನ್ನು ಸರಿಮಾಡಿಕೊಡುತ್ತೇನೆ ಎಂದು ಅಕ್ಕ ಬಾಚಣಿಗೆ ಹಿಡಿದು ಹೋದರೆ, "ಬೇಡ, ಆಗಿದ್ದೇ ಸಾಕು" ಎಂದು ತಲೆಯ ಮೇಲೆ ಶಾಲು ಎಳೆದುಕೊಂಡಳು.

ಅಕ್ಕ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಎಲ್ಲರ ಮೇಲೂ ಸಿಟ್ಟಾದಳು. ಅವಸರ ಮಾಡಿದ ತಂಗಿಯ ಮೇಲೆ, ಮೂರು ಸಲ ಕೇಳಿದ ಮಾಸ್ತರರ ಮೇಲೆ, ಮನಸ್ಸು ಬದಲಿಸುತ್ತಲೇ ಇದ್ದ ಡಾಕ್ಟರಮ್ಮನ ಮೇಲೆ, ಹೆಸರುಗಳನ್ನು ಮೇಲೆ ಕೆಳಗೆ ಕುಣಿಸುವ ಫೋನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹೆಬ್ಬೆರಳಿನ ಮೇಲೆ. ಒಂದು ಬೆಳಿಗ್ಗೆ ಅಂಗಡಿಗೆ ಹೋಗಿ ಮಾಲೀಕರ ಮುಂದೆ ನಿಂತಳು.

"ಇನ್ಮೇಲೆ ಬಸ್ಸಲ್ಲಿ ಫೋನ್ ಮುಟ್ಟಲ್ಲ ಸಾರ್. ಅಳತೆಗಳನ್ನ ಅಂಗಡಿಗೆ ಬಂದೇ ಕೊಡ್ತೀನಿ."

"ಬಸ್ಸಲ್ಲಿ ಕೂತ್ಕೊಂಡು ಮತ್ತೇನ್ ಮಾಡ್ತೀರಿ?"

"ಕೂತ್ಕೊಂಡಿರ್ತೀನಿ."

ಮಾಲೀಕರಿಗೆ ಇದೊಂದು ಉತ್ತರವೆಂದೇ ಅನ್ನಿಸಲಿಲ್ಲ. ಬಸ್ಸಲ್ಲಿ ಕೂತಿರುವುದು ಎಂದರೇನು ಎಂದು ಅವರು ನಿಜವಾಗಿ ಯೋಚಿಸುತ್ತಿರುವಂತೆ ಕಂಡಿತು. ಕೊನೆಗೆ, "ಸರಿ, ಹಾಗಾದ್ರೆ ಸಂಜೆ ಅಂಗಡಿಗೆ ಬಂದು ಎಲ್ಲಾ ಬರೆದುಕೊಟ್ಟು ಹೋಗಿ. ಆಮೇಲೆ ತಡ ಆಯ್ತು ಅಂತ ಮುಖ ಊದಿಸ್ಕೋಬೇಡಿ" ಎಂದರು.

ಹಾಗೆ ಅವಳು ಗೆದ್ದಳು. ಗೆದ್ದದ್ದಕ್ಕೆ ಸಿಕ್ಕಿದ್ದು, ದಿನಾ ಒಂದು ಬಸ್ಸು ತಡವಾಗಿ ಮನೆ ಸೇರುವ ಭಾಗ್ಯ. "ಮೊದಲು ಫೋನಲ್ಲಾದ್ರೂ ಸಿಗ್ತಿದ್ದೆ, ಈಗ ಅದೂ ಇಲ್ಲ" ಎಂದು ತಂಗಿ ಬಾಗಿಲು ತೆಗೆಯುವಾಗಲೇ ಶುರುಮಾಡುತ್ತಿದ್ದಳು. ಗಿರಾಕಿಗಳು "ಎಲ್ಲಿದೀರಿ ಅಂತ ಎಷ್ಟು ಸಲ ಫೋನ್ ಮಾಡೋದು" ಎಂದು ಮುಖ ಸಿಂಡರಿಸುತ್ತಿದ್ದರು. ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿದರೆ ಮನಸ್ಸು ಹಗುರಾಗುತ್ತದೆ ಎಂದು ಅವಳೂ ನಂಬಿದ್ದಳು. ಹಾಗೇನೂ ಆಗಲಿಲ್ಲ. ಚೀಲದೊಳಗೆ ಫೋನು ನಡುಗುವುದು ತೊಡೆಗೆ ತಿಳಿಯುತ್ತಿತ್ತು. ಯಾರಿರಬಹುದು, ಏನಾಗಿರಬಹುದು ಎಂದು ತಲೆ ತಾನೇ ನಾಲ್ಕು ಕಡೆ ಓಡುತ್ತಿತ್ತು. ಮನೆಯಿಂದ ಏನಾದರೂ ಇದೆಯೇ ಎಂದು ಬಸ್ಸು ಇಳಿದ ಕೂಡಲೇ ಕಂಬಕ್ಕೆ ಏಣಿ ಒರಗಿಸಿ, ಒಂದೊಂದನ್ನೂ ಪೂರ್ತಿ ಕೇಳಿ, ಆಮೇಲೆ ಉತ್ತರಿಸುತ್ತಿದ್ದಳು. ಅಮ್ಮನಿಂದ ಮಾತ್ರ ಏನೂ ಇರುತ್ತಿರಲಿಲ್ಲ.

ಒಂದು ಸಂಜೆ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು, ಕೂತಲ್ಲೇ ನಿದ್ದೆ ಹತ್ತಿತು. ಎಚ್ಚರವಾದಾಗ ಅವಳ ನಿಲ್ದಾಣ ದಾಟಿ ಬಸ್ಸು ಎಷ್ಟೋ ದೂರ ಬಂದಿತ್ತು. ಇಳಿದು, ಎದುರು ದಿಕ್ಕಿನ ಬಸ್ಸಿಗೆ ಕಾದು ಬೇಸತ್ತು, ಏಣಿಯನ್ನು ಹೆಗಲಿಗೇರಿಸಿ ನಡೆಯತೊಡಗಿದಳು. ಚಪ್ಪಲಿ ಕಚ್ಚುತ್ತಿತ್ತು. ಬಸ್ಸನ್ನು ಬೈದಳು, ಮಾಲೀಕರನ್ನು ಬೈದಳು, ನಿದ್ದೆಯನ್ನೂ ಬೈದಳು. ಫೋನು ನಡುಗಿತು. ತಂಗಿಯೇ ಇರಬೇಕೆಂದು ಎತ್ತಿದಳು.

"ಎಲ್ಲಿದೀಯ?" ಅಮ್ಮನ ದನಿ. ಕೂದಲು ಹೋದ ಮೇಲೆ ಅಮ್ಮ ತಾನಾಗಿ ಫೋನು ಹಿಡಿದದ್ದು ಅದೇ ಮೊದಲು.

"ದಾರಿಲಿದೀನಿ ಅಮ್ಮ. ಬಸ್ಸಲ್ಲಿ ನಿದ್ದೆ ಬಂದುಬಿಡ್ತು. ನಡ್ಕೊಂಡು ಬರ್ತಾ ಇದೀನಿ." ಹೇಳಬೇಕಾದದ್ದು ಇನ್ನೂ ಬಹಳ ಇತ್ತು. "ಅಮ್ಮ, ಅವತ್ತು ನಾನು ಮೊದಲೇ ಕೇಳಿಸ್ಕೊಂಡಿದ್ರೆ…"

"ರಸ್ತೆ ಪಕ್ಕ ನಡೀತಾ ಇದೀಯಾ?"

"ಹೂಂ."

"ಹಾಗಾದ್ರೆ ಫೋನ್ ಇಡು. ಮುಂದೆ ನೋಡ್ಕೊಂಡು ನಡಿ. ಮಾತು ಮನೇಲಾಡೋಣ" ಎಂದು ಅಮ್ಮ ತಾನೇ ಇಟ್ಟುಬಿಟ್ಟಳು.