ಕಡೆಯ ಅಕ್ಷರಕ್ಕೆ ಎಡವುವ ಸದ್ದು

ಟ್ರಂಕಿನ ಅಡಿಯಲ್ಲಿ ಹಳೆಯ ಹೆಡ್‌ಫೋನ್ ಸಿಕ್ಕಿತು. ಕಿವಿಗೆ ತಾಗುವ ಕಡೆ ಜೀನ್ಸ್ ಬಟ್ಟೆಯ ತುಂಡುಗಳನ್ನು ಮೆತ್ತೆಯಂತೆ ಹೊಲಿಯಲಾಗಿತ್ತು. ಮೂಗಿಗೆ ಹಿಡಿದೆ. ಹೊಸ ಜೀನ್ಸಿನ ಆ ಒಗರು ವಾಸನೆ ಇನ್ನೂ ಇದೆ ಅನ್ನಿಸಿತು... ಇಷ್ಟು ವರ್ಷ ಉಳಿಯುವ ವಾಸನೆಯಲ್ಲ ಅದು. ನಾನೇ ತುಂಬಿಕೊಂಡದ್ದಿರಬೇಕು.

ರಾಯದುರ್ಗದ ನಮ್ಮ ಓಣಿಯಲ್ಲಿ ಆಗ ಮನೆಮನೆಗೂ ಪ್ಯಾಂಟು ಹೊಲಿಯುವ ಮೋಟಾರ್ ಮಷೀನುಗಳು. ಪಕ್ಕದ ಮನೆಯ ಅಕ್ಕನೂ ಹೊಲಿಯುತ್ತಿದ್ದರು. ಕರೆಂಟ್ ಹೋದರೆ ಓಣಿಯೆಲ್ಲ ಬೈಯುವಾಗ ಅವರೊಬ್ಬರು ನಗುತ್ತ ಮಾಳಿಗೆ ಹತ್ತುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಹವ್ಯಾಸಿಗಳ ಹ್ಯಾಮ್ ರೇಡಿಯೋ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು. ಮಡಕಶಿರದ ಕಡೆಯವರಾದ ಗಂಡ ಗಾರ್ಮೆಂಟ್ ಕೆಲಸಕ್ಕೆ ತಿರುಪೂರಿಗೆ ಹೋಗಿದ್ದರು. ನಮ್ಮ ಮಧ್ಯಾಹ್ನದ ಪವರ್ ಕಟ್ಟಿನ ಹೊತ್ತಿಗೆ ಅವರು ಅಲ್ಲಿಂದ, ತಾವೇ ಕಟ್ಟಿದ ಪುಟ್ಟ ಸೆಟ್ಟಿನಲ್ಲಿ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕುಟ್ಟುವರು. ಮಷೀನುಗಳ ಗರಗರ ನಿಂತ ಮೌನದಲ್ಲಿ ಅಕ್ಕ ಬ್ಯಾಟರಿ ರೇಡಿಯೋ ಹಚ್ಚಿ ಆಲಿಸುವರು.

"ಎಸ್‌ಟಿಡಿ ಬೂತ್ ಐತಲ್ಲಕ್ಕಾ," ಎಂದಿದ್ದೆ.

"ಅಲ್ಲಿ ಮಾತಾಡಿದ್ರ ಓಣಿ ಎಲ್ಲಾ ಕೇಳ್ತೈತಪ."

"ಇದನ್ನ ಜಗತ್ತೇ ಕೇಳ್ತೈತಿ!"

"ಜಗತ್ತು ಕೇಳ್ಲಿ ಬಿಡು. ಓಣಿ ಕೇಳಬಾರ್ದು."

ಒಂದು ಬೇಸಿಗೆಯಲ್ಲಿ ತಿರುಪೂರಿನ ಆ ಸದ್ದು ನಿಂತಿತು. ಫೋನಿಲ್ಲ, ಕಾಗದವಿಲ್ಲ. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಓಣಿ ಮಾತಾಡಿಕೊಂಡಿತು. ಎಲೆಕ್ಟ್ರಾನಿಕ್ಸ್ ಎಂಎಸ್ಸಿ ಓದುತ್ತ ರಜೆಗೆ ಬಂದಿದ್ದ ನನ್ನನ್ನು ಅಕ್ಕ ಕರೆದರು. "ಅವ್ರ ಸೆಟ್ಟಿನ ಕಸುವು ಕಡಿಮಿ ಆಗಿರಬೇಕು. ಸಣ್ಣ ದನಿ ಹಿಡಿಯೋದು ಏನಾರ ಮಾಡಿಕೊಡಪ."

ಒಂದು ಫಿಲ್ಟರ್ ಕಟ್ಟಿದೆ. ಒಂದೇ ಸ್ವರಕ್ಕೆ ಕೂದಲೆಳೆಯಷ್ಟು ಸಂದು ಬಿಟ್ಟು ಉಳಿದ ಸದ್ದನ್ನೆಲ್ಲ ಹೊರಗೆ ನಿಲ್ಲಿಸುವಂಥದ್ದು. ಸಂದು ಕಿರಿದಾದಷ್ಟೂ ಕ್ಷೀಣ ದನಿ ಮೇಲೇಳುತ್ತದೆ. ತೀರ ಕಿರಿದಾದರೆ ಮಾತ್ರ ಬರಿಯ ಗದ್ದಲವೂ ಅದರೊಳಗೆ ಗಂಟೆಯಂತೆ ಗುಂಯ್‌ಗುಡುತ್ತದೆ, ಯಾರೂ ಕರೆಯದಿದ್ದರೂ ಯಾರೋ ಕರೆದಂತೆ. ಇನ್ನೂ ಬಿಗಿ ಮಾಡು ಎಂದರು ಅಕ್ಕ, ಇನ್ನೂ... ಮಾಡಿದೆ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಷೀನುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟು ನಿಂತವು. ಬಿಸಿಲು ಬೆಟ್ಟದ ಬಂಡೆಗಳ ಮೇಲೆ ಮಲಗಿತ್ತು. ಕಣ್ಣು ಮುಚ್ಚಿ ಕೂತಿದ್ದ ಅಕ್ಕ ನನ್ನ ಮಣಿಕಟ್ಟು ಹಿಡಿದರು. "ಅವ್ರೇ!" ಹೆಡ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಒತ್ತಿದರು. ನೀರಿನಡಿಯಿಂದ ಬಂದಂಥ ನಾದ... ಚುಕ್ಕೆಯೋ, ಗೆರೆಯೋ.

"ಫಿಲ್ಟರ್ ಗುಂಯ್‌ಗುಡೋದಕ್ಕಾ ಇದು. ಬರೇ ಗದ್ದಲ."

"ಗದ್ದಲಕ್ಕ ಎಡವಾಕ ಬರ್ತೈತೇನು? ನನ್ ಹೆಸ್ರಿನ ಕಡೀ ಅಕ್ಷರಕ್ಕ ಅವ್ರು ಯಾವಾಗ್ಲೂ ಎಡವತಾರ."

ಆ ಎಡವುವಿಕೆ ನನಗೂ ಕೇಳಿಸಿತ್ತೋ, ಅವರು ಹೇಳಿದ ಮೇಲೆ ನೆನಪಿಗೆ ಸೇರಿಸಿಕೊಂಡೆನೋ...

ಮರುದಿನ ಹೆಡ್‌ಫೋನನ್ನು ನನ್ನ ಕೈಗಿಟ್ಟು ತಿರುಪೂರಿಗೆ ಹೊರಟರು. "ಇನ್ನ ಇದು ನನಗ ಬ್ಯಾಡ." ಮತ್ತೆ ಓಣಿಗೆ ಬರಲಿಲ್ಲ. ಗಂಡ ಸಿಕ್ಕಿರಬೇಕು ಎಂದಿತು ಓಣಿ. ಬಾರದಿರುವುದು ಅದಕ್ಕೆ ಪುರಾವೆಯಲ್ಲ ಎಂದು ನಾನು ವಾದಿಸುತ್ತಿದ್ದೆ.

ಕಳೆದ ವಾರ ಅವರ ಮೈದುನ ನನ್ನ ನಂಬರ್ ಹುಡುಕಿ ಮಡಕಶಿರದಿಂದ ಫೋನ್ ಮಾಡಿದರು. ಅಣ್ಣ ಮೊದಲೇ ತೀರಿಕೊಂಡಿದ್ದರಂತೆ, ಈಗ ಅಕ್ಕನೂ ಹೋದರು. ಆ ಮಧ್ಯಾಹ್ನದ ಬಗ್ಗೆ ಕೇಳದಿರಲಾಗಲಿಲ್ಲ.

"ಎಲ್ಲಿ ಸಾರ್, ಅಣ್ಣ ಆಗ ಜಾಂಡೀಸ್ ಆಗಿ ಆಸ್ಪತ್ರೇಲಿ ಬಿದ್ದಿದ್ರು, ಮೈಮೇಲೆ ಗ್ಯಾನನೇ ಇರ್ಲಿಲ್ಲ. ಅತ್ತಿಗೆ ಹೋಗಿದ್ದಕ್ಕೇ ಉಳ್ಕಂಡ್ರು. ‘ನೀವು ಕರದ್ರಲ್ಲ, ಅದಕ್ಕೇ ಬಂದೆ’ ಅಂತ ಅಣ್ಣನಿಗೆ ಅನ್ನೋರು ಅತ್ತಿಗೆ. ಅಣ್ಣ ಇಲ್ಲ ಅಂತಿರ್ಲಿಲ್ಲ. ಸುಮ್ನೆ ನಗೋರು."

ಹಾಗಾದರೆ ಅದು ಬರಿಯ ಗದ್ದಲ ಎಂದು ನಾನು ಹೇಳಿದ್ದೇ ಸರಿ. ಅಲ್ಲವೆಂದು ಜಗಳಕ್ಕೆ ಬರಲು ಅಕ್ಕ ಇಲ್ಲ.

ಈಗ ಕರೆಂಟ್ ಹೋದರೂ ಓಣಿ ಸುಮ್ಮನಾಗುವುದಿಲ್ಲ, ಎಲ್ಲರಿಗೂ ಇನ್ವರ್ಟರ್ ಇದೆ. ಬಾಗಿಲು ಹಾಕಿ, ಯಾವುದಕ್ಕೂ ಜೋಡಿಸದ ಆ ಹೆಡ್‌ಫೋನನ್ನು ಕಿವಿಗಿಟ್ಟುಕೊಂಡೆ. ನನ್ನದೇ ನಾಡಿ ಬಡಿಯುತ್ತಿತ್ತು... ಎಲ್ಲೂ ಎಡವದೆ.