ಮುಂದಿನ ಮಂಗಳವಾರದ ಹಸಿರು ಚುಕ್ಕೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆನೋ ಹತ್ತರಲ್ಲೋ ಖಚಿತವಿಲ್ಲ. ನನ್ನ ಪೆನ್ನು ಹಸಿರು ಎಂಬುದು ಮಾತ್ರ ಖಂಡಿತ, ಯಾಕೆಂದರೆ ಕೆಂಪು ಅವ್ವನದು, ನೀಲಿ ಕಾಕುವಿನದು. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಧಾರವಾಡದಿಂದ ಬಂದ ನಮ್ಮ ಎರಡು ಸಂಸಾರಗಳು ಮುಂಬೈಯ ಸಯನ್ನಿನ ಒಂದೇ ಫ್ಲ್ಯಾಟಿನಲ್ಲಿದ್ದವು. ಮುಟ್ಟಾದವರು ನಾಲ್ಕು ದಿನ ದೇವರ ದೀಪ ಹಚ್ಚುವಂತಿಲ್ಲ, ನೈವೇದ್ಯಕ್ಕೆ ಕೈ ಹಾಕುವಂತಿಲ್ಲ. ಅದನ್ನು ಗಂಡಸರ ಮುಂದೆ ಬಾಯಿಬಿಟ್ಟು ಹೇಳಲು ಸಂಕೋಚ. ಹಾಗಾಗಿ ಮೊದಲ ದಿನ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಚುಕ್ಕೆ ಇಡುತ್ತಿದ್ದೆವು. ಅಷ್ಟರಿಂದಲೇ ಎಲ್ಲರಿಗೂ ತಿಳಿಯುತ್ತಿತ್ತು.

ನನ್ನ ಹಸಿರು ಚುಕ್ಕೆ ಮೂರು ಸಲ ಬಿತ್ತು. ಆಮೇಲೆ ಮುಟ್ಟು ನಿಂತೇಹೋಯಿತು. ಗೆಳತಿಯರಿಗೆಲ್ಲ ಬರುತ್ತಿದೆ, ನನ್ನೊಳಗೆ ಮಾತ್ರ ಏನೋ ಕೆಟ್ಟಿದೆ ಎಂದು ಹೆದರಿದೆ. ಹೇಳಿದರೆ ಅವ್ವ ಅಳುತ್ತಾಳೆ ಎಂದುಕೊಂಡಿದ್ದೆ. ಅವ್ವ ಅಳುವವಳೇ ಅಲ್ಲ, ಈ ನೆಪವನ್ನು ನಾನು ಆಮೇಲೆ ಹುಟ್ಟಿಸಿಕೊಂಡಿರಬೇಕು. ಇಪ್ಪತ್ತೆಂಟು ದಿನ ಎಣಿಸಿ ಸುಮ್ಮನೆ ಒಂದು ಚುಕ್ಕೆ ಇಟ್ಟೆ. ಯಾರೂ ಏನೂ ಕೇಳಲಿಲ್ಲ. ಮರುತಿಂಗಳೂ, ಅದರ ಮುಂದಿನ ತಿಂಗಳೂ ಇಟ್ಟೆ. ಪೊಟ್ಟಣದಿಂದ ತೆಗೆದ ಪ್ಯಾಡುಗಳನ್ನು ಶಾಲೆಯಲ್ಲಿ ಹಂಚಿದೆ. ಆ ದಿನಗಳಲ್ಲಿ ನನ್ನಷ್ಟು ಜನಪ್ರಿಯ ಹುಡುಗಿ ತರಗತಿಯಲ್ಲಿ ಇರಲಿಲ್ಲ. ದೀಪದ ಸರದಿ ತಪ್ಪಿ ಬೆಳಿಗ್ಗೆ ಅರ್ಧ ತಾಸು ಹೆಚ್ಚು ನಿದ್ದೆಯೂ ಸಿಕ್ಕಿತು. ಹೆದರಿಕೆ ಮಾತ್ರ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ಮುಖದ ತುಂಬ ಮೊಡವೆ ಎದ್ದವು. ಕಾಕು ನನ್ನನ್ನು ಘಾಟ್ಕೋಪರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ವಿಜಯಪುರದ ಕಡೆಯವರು, ಮೊಡವೆ ನೋಡುತ್ತಲೇ ಕೇಳಿದರು:

"ತಿಂಗಳಾ ಬರೋಬ್ಬರಿ ಆಗ್ತದೇನು?"

"ಏಕ್‌ದಂ ಟೈಮಿಗೆ ರೀ," ಎಂದು ನನಗಿಂತ ಮೊದಲೇ ಹೇಳಿದ ಕಾಕು ನನ್ನ ಹಸಿರು ಚುಕ್ಕೆಗಳನ್ನು ತೋರಿಸಲು ಮೊಬೈಲ್ ತೆಗೆದಳು. ಪೂಜೆಯ ದಿನ ಗೊತ್ತುಮಾಡಲು ಕ್ಯಾಲೆಂಡರಿನ ಪ್ರತಿ ಹಾಳೆಯ ಫೋಟೊ ಅವಳ ಬಳಿ ಇರುತ್ತಿತ್ತು.

ನಾನು ಸುಮ್ಮನಿದ್ದರೆ ಮುಖಕ್ಕೆ ಕ್ರೀಮ್ ಕೊಟ್ಟು ಕಳಿಸುತ್ತಾರೆ, ಒಳಗಿನದು ಒಳಗೇ ಉಳಿಯುತ್ತದೆ. ಬಾಯಿಬಿಟ್ಟರೆ ಕಾಕುವಿನ ಮುಂದೆ ನಾನು ಸುಳ್ಳಿ.

ಡಾಕ್ಟರ್ ಫೋಟೊ ಹಿಗ್ಗಿಸಿ ನೋಡಿದರು. "ಇವತ್ತ ಗುರುವಾರ. ಮುಂದಿನ ಮಂಗಳವಾರದ ಚುಕ್ಕಿ ಈಗ ಹೆಂಗ ಬಂತು ಇಲ್ಲೆ?"

ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತೇನೆಂದು ಮುಂಚಿತವಾಗಿಯೇ ಇಟ್ಟಿದ್ದೆ!

ಕಾಕು ನನ್ನತ್ತ ತಿರುಗಿದಳು. "ಏನ ಹುಡುಗಿ, ಅಡ್ವಾನ್ಸ್ ಬುಕಿಂಗ್ ಮಾಡೀಯೇನು?"

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ಸಬ್ ಝೂಟ್ ಹೈ, ಡಾಕ್ಟರ್. ನಾಲ್ಕು ತಿಂಗಳಾತು, ಆಗೇ ಇಲ್ಲ."

ಡಾಕ್ಟರ್ ಬೈಯಲಿಲ್ಲ. ಅವರ ಮಾತು ಇಷ್ಟೇ ಚೆಂದವಿತ್ತೋ, ವರ್ಷಗಳಲ್ಲಿ ನಾನೇ ತಿದ್ದಿದೆನೋ. "ಮೊದಲ ಎರಡು ಮೂರು ವರ್ಷ ಹಿಂದ ಮುಂದ ಆಗೂದು ಭಾಳ ಹುಡುಗ್ಯಾರಿಗೆ ಇರ್ತದ. ಮೈ ಇನ್ನೂ ಕಲೀಲಿಕ್ಕತ್ತದ. ಆದ್ರ ಮೂರು ತಿಂಗಳು ಬರಲೇ ಇಲ್ಲಂದ್ರ ಬಂದು ತೋರಸಬೇಕು. ಚುಕ್ಕಿ ಇಟ್ಕೋತ ಕೂಡೂದಲ್ಲ."

ತೂಕ, ಊಟ, ನಿದ್ದೆ ಎಲ್ಲ ವಿಚಾರಿಸಿದರು. ರಕ್ತಪರೀಕ್ಷೆಯಾಯಿತು, ಥೈರಾಯ್ಡೂ ನೋಡಿದರು. ಹೆದರುವಂಥದ್ದೇನೂ ಇರಲಿಲ್ಲ. ಕೆಲವು ವಾರಗಳ ಬಳಿಕ ಗಣಿತದ ಪರೀಕ್ಷೆಯ ನಡುವೆ, ಯಾರೂ ಕರೆಯದೆ, ಅದು ತಾನಾಗಿ ಬಂತು.

ಅದೆಲ್ಲ ಆಮೇಲಿನ ಮಾತು. ಡಾಕ್ಟರ ಬಳಿಗೆ ಹೋದ ದಿನ ಮನೆಗೆ ಬಂದಾಗ ಅವ್ವ ಎಲ್ಲ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ಅಂದ್ರ ನೀ ಹಾಸಿಗ್ಯಾಗ ಹೊರಳಾಡಿದಿ, ನಿನ್ನ ಪಾಳಿ ದೀಪ ನಾ ಹಚ್ಚಿದೆ!" ಆಮೇಲೆ ನನ್ನ ತಲೆ ಸವರಿದಳು. "ಹೆದರಿಕಿ ಆದ್ರ ನನಗ ಹೇಳಬೇಕವಾ. ಗ್ವಾಡಿಗೆ ಹೇಳಿ ಏನು ಉಪಯೋಗ?"

ನನ್ನ ಚುಕ್ಕೆಗಳಲ್ಲಿ ನಿಜವಾದುವು ಯಾವುವೆಂದು ನೋಡಲು ಅವಳು ಹಳೆಯ ಕ್ಯಾಲೆಂಡರುಗಳ ಸುರುಳಿಯನ್ನೇ ಕೆಳಗಿಳಿಸಿದಳು. ಹಾಳೆ ತಿರುವುತ್ತಿದ್ದ ನನ್ನ ಕಣ್ಣು ನೀಲಿಯ ಮೇಲೆ ನಿಂತಿತು. ಗಣಪತಿ ಹಬ್ಬಕ್ಕೆ ಧಾರವಾಡದಿಂದ ಮಂದಿ ಬಂದಿಳಿಯುವ, ಅವ್ವ ಒಬ್ಬಳೇ ನೂರಾರು ಕಡುಬು ಕರಿಯುವ ದಿನ ನೀಲಿ ಚುಕ್ಕೆ ಇತ್ತು. ಅದರ ಹಿಂದಿನ ವರ್ಷವೂ ಇತ್ತು. ಅದಕ್ಕೂ ಹಿಂದಿನ ವರ್ಷವೂ.

ಕಾಕು ಮಡಚಿದ ಬಟ್ಟೆಗಳನ್ನೇ ಮತ್ತೆ ಮಡಚತೊಡಗಿದಳು. ಅವ್ವ ಅತ್ತ ಹೋಗುವವರೆಗೆ ಕಾದು ಕೇಳಿದೆ, ಮೊನ್ನೆ ಫೋನಿನಲ್ಲೂ ಮತ್ತೊಮ್ಮೆ ಕೇಳಿದೆ:

"ಕಾಕು, ನಿನ್ನ ಚುಕ್ಕಿ ಎಲ್ಲಾ ಖರೇ ಏನ?"