ಕೆಂಪು ಎಂದರೆ ಯಾವ ಬಣ್ಣ

ಕನ್ನಡದಲ್ಲಿ ಮೈಬಣ್ಣದ ಮಾತನ್ನು ಅಷ್ಟಾಗಿ ನಂಬಬಾರದು ಎಂಬುದು ನನ್ನ ಇತ್ತೀಚಿನ ಅಭಿಪ್ರಾಯ. ಹುಟ್ಟಿದ ಕೂಸನ್ನು ನೋಡಿ ಬಂದವರು ‘ಕೆಂಪಗೆ ಮುದ್ದಾಗಿದೆ’ ಎನ್ನುತ್ತಾರೆ. ಬೆಳ್ಳಗಿದೆ ಎಂಬುದು ಅದರ ಅರ್ಥ. ಹೆಣ್ಣು ನೋಡಿ ಬಂದವರು ‘ಎಣ್ಣೆಗೆಂಪು’ ಎಂದರೆ, ಕಪ್ಪು ಎನ್ನಲು ಅವರಿಗೆ ಮನಸ್ಸು ಬರಲಿಲ್ಲ ಎಂದರ್ಥ. ಬೆಂಗಳೂರಿನ ಸುದ್ದಿಮನೆಯಲ್ಲಿ ಇಂಥ ವಿಶೇಷಣಗಳನ್ನು ಹೊಡೆದುಹಾಕುವುದೇ ನನ್ನ ಉದ್ಯೋಗವಾಗಿತ್ತು. ಕಂಡದ್ದನ್ನು ಬರೆಯಿರಿ, ಅನಿಸಿದ್ದನ್ನಲ್ಲ ಎಂದು ಹೊಸಬರಿಗೆ ಹೇಳುತ್ತಿದ್ದೆ. ಸಂಜೆ ಮನೆಗೆ ಬಂದು ನೆಂಟರ ಮಗುವನ್ನು ನಾನೂ ‘ಕೆಂಪಗಿದೆ’ ಎಂದೇ ಹೊಗಳುತ್ತಿದ್ದೆ. ಡೆಸ್ಕಿನ ನಿಯಮ ಡೆಸ್ಕಿಗೆ.

ಈಗ ನಾನಿರುವುದು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ, ಮಗಳ ಮನೆಯಲ್ಲಿ. ಎದುರು ಮನೆಯ ಅಶ್ವಿನಿ ದಾವಣಗೆರೆಯವಳು. ಓದಲು ಬಂದು, ಕಾಯಂ ವಾಸದ ಪಿಆರ್ ಪಡೆದು, ಇಲ್ಲೇ ನೆಲೆಯಾದವಳು. ಅವಳ ಮಗಳು ಇಂಚರಾಗೆ ಇನ್ನೂ ವರ್ಷ ತುಂಬಿರಲಿಲ್ಲ. ಮೊಣಕೈಯ ಮಡಿಕೆಯಲ್ಲಿ, ಮಂಡಿಯ ಹಿಂದೆ ಚರ್ಮ ಒರಟಾಗಿ ಸದಾ ತುರಿಕೆ. ಇಲ್ಲಿಯವರು ಎಕ್ಸಿಮಾ ಎನ್ನುವ ಅದಕ್ಕೆ ನಮ್ಮ ಕಡೆ ಇಸಬು ಎಂದು ಹೆಸರು.

ಒಂದು ಭಾನುವಾರ ಮಧ್ಯಾಹ್ನ ಅಶ್ವಿನಿ ಮಗುವನ್ನೆತ್ತಿಕೊಂಡು ಬಂದಳು. ಮಗುವಿನ ಮೈ ಸುಡುತ್ತಿತ್ತು, ಅಳುವುದಕ್ಕೂ ಶಕ್ತಿಯಿರಲಿಲ್ಲ. ಅವಳ ಇನ್ನೊಂದು ಕೈಯಲ್ಲಿದ್ದ ಫೋನಿನ ಸ್ಪೀಕರಿನಲ್ಲಿ ಸಹಾಯವಾಣಿಯ ನರ್ಸ್ ಮಾತಾಡುತ್ತಿದ್ದಳು.

‘ಈಸ್ ದ ರ‍್ಯಾಶ್ ರೆಡ್?’

‘ನೋ, ನೋ. ನಾಟ್ ರೆಡ್ ಅಟ್ ಆಲ್,’ ಎಂದ ಅಶ್ವಿನಿ ನನ್ನತ್ತ ತಿರುಗಿದಳು. ‘ನೆಟ್ಟಲ್ಲಿರೋ ಫೋಟೋ ಥರ ಇಲ್ಲ ಅಲ್ವಾ ಆಂಟಿ? ಹಲ್ಲು ಬರೋ ಜ್ವರ ಇರ್ಬೇಕು.’

ಅವಳು ಸುಳ್ಳಾಡಿರಲಿಲ್ಲ. ಅವಳು ನೋಡಿದ್ದ ಫೋಟೋಗಳೆಲ್ಲ ಬಿಳಿಯ ಮಕ್ಕಳವು. ಆ ಚರ್ಮದ ಮೇಲೆ ಉರಿಯೂತ ಟೊಮೆಟೊ ಹಣ್ಣಿನಂತೆ ಕಾಣುತ್ತದೆ. ನಮ್ಮ ಮೈಮೇಲೆ ಅದೇ ಉರಿ ನೇರಳೆಯಾಗಿಯೋ ಬೂದುಗಪ್ಪಾಗಿಯೋ ಕೂರುತ್ತದೆ. ಮಗುವಿನ ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮಡಿಕೆಯಿಂದ ನೀರು ಒಸರುತ್ತಿತ್ತು. ಅಂಚಿನಲ್ಲಿ ಜೇನಿನ ಬಣ್ಣದ ಹಕ್ಕಳೆ. ಸುತ್ತಲಿನ ಚರ್ಮ ಊದಿ ಕಪ್ಪಾಗಿತ್ತು. ಕೈಯ ಹಿಂಬದಿಯಿಂದ ಮುಟ್ಟಿದರೆ ಉಳಿದ ಮೈಗಿಂತಲೂ ಬಿಸಿ.

‘ಬಣ್ಣದ ಮಾತು ಬಿಡಮ್ಮ. ಕಾಣ್ತಿರೋದನ್ನ ಹೇಳು. ನೀರು ಸೋರ್ತಿದೆ, ಊದಿದೆ, ಬಿಸಿಯಿದೆ. ಹಾಲು ಕುಡಿದಳಾ?’

‘ಬೆಳಿಗ್ಗೆಯಿಂದ ಇಲ್ಲ ಆಂಟಿ.’

‘ಅದನ್ನೂ ಹೇಳು.’

ಹೇಳಿದಳು. ನರ್ಸಿನ ದನಿಯಲ್ಲಿದ್ದ ನಿಧಾನ ಹೋಯಿತು. ಕಾಯಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ ಎಂದಳು. ನಾನೂ ಜೊತೆಗೆ ಹೊರಟೆ.

ತುರಿಸಿ ಬಿರಿದ ಚರ್ಮದ ಮೂಲಕ ಸೋಂಕು ಒಳಹೊಕ್ಕಿದೆ, ರಕ್ತಕ್ಕೆ ಇಳಿಯದಂತೆ ತಡೆಯಬೇಕು ಎಂದು ವೈದ್ಯೆ ಮಗುವಿನ ಪುಟ್ಟ ಕೈಗೆ ಡ್ರಿಪ್ ಹಾಕಿಸಿದರು. ಅಶ್ವಿನಿ ಆ ಕೈಯನ್ನೇ ನೋಡುತ್ತ ಕೂತಳು. ಕಾರಿಡಾರಿನಲ್ಲಿ ಕೂತ ನನಗೆ, ಬೇರೆ ಕೆಲಸವಿಲ್ಲದ್ದರಿಂದ, ನಮ್ಮ ಹಿಂದಿನವರು ಚರ್ಮದ ಕಾಯಿಲೆಗಳಿಗೆ ಇಟ್ಟ ಹೆಸರುಗಳು ನೆನಪಾದವು. ಬೆವರುಸಾಲೆಯಲ್ಲಿ ಬೆವರಿದೆ, ಸರ್ಪಸುತ್ತಿನಲ್ಲಿ ಸುತ್ತಿದೆ, ಹುಳುಕಡ್ಡಿಯಲ್ಲಿ ಇಲ್ಲದ ಹುಳುವೂ ಇದೆ. ಹುಳುವಿನ ವಿಷಯದಲ್ಲಿ ಅವರು ತಪ್ಪಿರಬಹುದು. ಆದರೆ ಈ ಯಾವ ಹೆಸರಿನಲ್ಲೂ ಬಣ್ಣವಿಲ್ಲ. ಹತ್ತಿರ ಹೋಗಿ, ಮುಟ್ಟಿ, ನೋಡಿ ಹೆಸರಿಟ್ಟವರು. ಹಾಗೆ ಮುಟ್ಟಿ ನೋಡಿದ ಹೆಣ್ಣುಮಗು ಬೆಳೆದು ಅವಳಿಗೆ ಗಂಡು ಹುಡುಕುವಾಗ ಮಾತ್ರ ಅದೇ ಜನ ದೂರ ನಿಂತು ಅವಳ ಬಣ್ಣ ನೋಡುತ್ತಿದ್ದರು.

ಜ್ವರ ಇಳಿಯಿತು. ಕೆಲವು ದಿನಗಳಲ್ಲಿ ಇಂಚರಾ ಮನೆಗೆ ಬಂದಳು. ಗಾಯ ಮಾಯ್ದಲ್ಲಿ ಮಾಸಲು ಬಿಳುಪಿನ ಮಚ್ಚೆಗಳು ಉಳಿದವು. ನಾನು ನೋಡಲು ಹೋದಾಗ ಅಶ್ವಿನಿಯ ತಾಯಿ ದಾವಣಗೆರೆಯಿಂದ ವಿಡಿಯೊ ಕರೆಯಲ್ಲಿದ್ದರು.

‘ಏನೇ ಅದು ಬಿಳೀ ಮಚ್ಚಿ? ಕಡ್ಲಿಹಿಟ್ಟು ಹಚ್ಚಿ ತಿಕ್ಕು, ಎಲ್ಲಾ ಒಂದೇ ಬಣ್ಣ ಆಕ್ಕತಿ.’

‘ತಿಕ್ಕಂಗೇ ಇಲ್ಲಮ್ಮ. ಉಗುರುಬೆಚ್ಚಗಿನ ನೀರು, ಟವೆಲ್ ಒತ್ತಿ ತೇವ ತೆಗಿಯೋದು, ತಕ್ಷಣ ದಪ್ಪಗೆ ಕ್ರೀಮ್. ಅಷ್ಟೇ.’

‘ಮತ್ತೆ ಬಣ್ಣ?’

‘ಕೆಲವು ತಿಂಗಳು ಹಿಡೀತತಿ. ತಾನೇ ಬರ್ತತಿ.’

‘ಯಾವ ಬಣ್ಣ ಬರ್ತತೇ?’

‘ಅಕೀದು ಯಾವುದೋ ಅದು.’

ಅಜ್ಜಿ ಫೋನನ್ನು ಮುಖದ ಹತ್ತಿರ ತಂದು, ‘ಹಾಲು ಸರಿಯಾಗಿ ಕುಡೀತಾಳೇನು?’ ಎಂದು ಕೇಳಿದರು.